ಎರಡು ಔನ್ಸಿನ ಲೆಕ್ಕ

ಸುಮಾರು ೪೦೦ ವರ್ಷಗಳ ಹಿಂದೆ, ಇಂದಿನ ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದ ಬಳಿ ವಾನ್ ಹೆಲ್ಮಾಂಟ್ ಎಂಬ ವೈದ್ಯನಿದ್ದನು. ಮರದ ಒಡಲು ಯಾವ ಪದಾರ್ಥದಿಂದ ಆಗುತ್ತದೆಂಬುದನ್ನು ತಕ್ಕಡಿಯ ಸಹಾಯದಿಂದಲೇ ತಿಳಿಯಬೇಕೆಂದು ಅವನಿಗೆ ತೋರಿತು. ಒಲೆಯಲ್ಲಿ ಚೆನ್ನಾಗಿ ಒಣಗಿಸಿದ ೨೦೦ ಪೌಂಡು ಮಣ್ಣನ್ನು ಒಂದು ಕುಂಡದಲ್ಲಿ ತುಂಬಿ, ೫ ಪೌಂಡು ತೂಕದ ವಿಲ್ಲೋ ಸಸಿಯೊಂದನ್ನು ಅದರಲ್ಲಿ ನೆಟ್ಟನು. ಧೂಳು ಬೀಳದಂತೆ ಕುಂಡದ ಬಾಯಿಗೆ ತೂತುಗಳುಳ್ಳ ತಗಡನ್ನು ಮುಚ್ಚಿದನು. ನೀರನ್ನಲ್ಲದೆ ಬೇರೇನನ್ನೂ ಸಸಿಗೆ ಕೊಡಲಿಲ್ಲ. ಐದು ವರ್ಷಗಳು ಕಳೆದ ಮೇಲೆ ಮರವನ್ನು ಕಿತ್ತು ತೂಗಿದಾಗ ಅದು ೧೬೯ ಪೌಂಡು ತೂಗಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದಾಗ ಅದರಲ್ಲಿ ಕಡಿಮೆಯಾಗಿದ್ದುದು ಸುಮಾರು ಎರಡು ಔನ್ಸು ಮಾತ್ರ. ಆದುದರಿಂದ ಮರವೆಲ್ಲವೂ ನೀರಿನಿಂದಲೇ ಆಯಿತೆಂದು ಅವನು ತೀರ್ಮಾನಿಸಿದನು.

ಈ ಪ್ರಯೋಗದ ವಿವರ ಅವನ ಮರಣಾನಂತರ, ೧೬೪೮ರಲ್ಲಿ ಪ್ರಕಟವಾಯಿತು. ಅವನ ತೀರ್ಮಾನದಲ್ಲಿ ಎರಡು ಕೊರತೆಗಳಿದ್ದವು. ಮರದ ಒಣತೂಕದ ಬಹುಭಾಗಕ್ಕೆ ಗಾಳಿಯೇ ಮೂಲವೆಂಬುದು ಅವನಿಗೆ ಹೊಳೆಯಲಿಲ್ಲ. ‘ಗ್ಯಾಸ್’ ಎಂಬ ಪದವನ್ನು ಹುಟ್ಟಿಸಿದವನೂ, ಇದ್ದಿಲು ಉರಿದಾಗ ಹೊರಡುವ ಅನಿಲವನ್ನು ಬಣ್ಣಿಸಿದವನೂ ಅವನೇ. ಅದೇ ಅನಿಲವು ತನ್ನ ಕುಂಡದ ಮರವನ್ನು ಬೆಳೆಸಿತೆಂಬುದನ್ನು ಮಾತ್ರ ಅವನು ಕಾಣದೆ ಹೋದನು. ಈ ಕೊರತೆಯನ್ನು ಮುಂದಿನವರು ತಿದ್ದಿದರು. ಎರಡನೆಯ ಕೊರತೆ, ಮಣ್ಣಿನಲ್ಲಿ ಕಡಿಮೆಯಾದ ಆ ಎರಡು ಔನ್ಸುಗಳನ್ನು ಅವನು ಗಣನೆಗೆ ತೆಗೆದುಕೊಳ್ಳದೆ ಬಿಟ್ಟದ್ದು. ಮನುಷ್ಯನ ಆರೋಗ್ಯದ ಮಟ್ಟಿಗೆ ಈ ಎರಡನೆಯ ಕೊರತೆಯನ್ನು ನಾವು ಇಂದಿಗೂ ಪೂರ್ತಿಯಾಗಿ ತಿದ್ದಿಕೊಂಡಿಲ್ಲ. ವಾಯುಮಂಡಲದಲ್ಲಿ ಈಗ ನಡೆಯುತ್ತಿರುವ ಬದಲಾವಣೆಯಿಂದ ನಮ್ಮ ಊಟದ ತಟ್ಟೆಗೆ ಏನಾಗುತ್ತದೆಂಬ ಪ್ರಶ್ನೆಯೆಲ್ಲವೂ ಆ ಎರಡು ಔನ್ಸುಗಳಲ್ಲಿ ಅಡಗಿದೆ.

ಗಾಳಿಯಿಂದಾಗುವ ಅನ್ನ

ಇಂಗೆನ್‌ಹೌಸನು ೧೭೭೯ರಲ್ಲಿ, ಹಸಿರೆಲೆಗಳು ಬೆಳಕಿನಲ್ಲಿ ಮಾತ್ರ ಆಮ್ಲಜನಕವನ್ನು ಹೊರಬಿಡುತ್ತವೆಂಬುದನ್ನು ತೋರಿಸಿದನು. ಜಿನೀವಾ ನಗರದ ಸೊಸ್ಯೂರನು ೧೮೦೪ರಲ್ಲಿ, ಗಿಡದ ತೂಕ ಏರುವುದಕ್ಕೆ ನೀರಿನ ಜತೆಗೆ ಗಾಳಿಯ ಇಂಗಾಲಾಮ್ಲವೂ ಕಾರಣವೆಂಬುದನ್ನು ತೂಕಹಾಕಿ ಸಾಧಿಸಿದನು. ಇಂಗಾಲಾಮ್ಲವೆಂದರೆ ಇಂದಿನ ಪಠ್ಯಪುಸ್ತಕಗಳ ಕಾರ್ಬನ್ ಡೈಆಕ್ಸೈಡ್. ಎಲೆಯ ಮೈಮೇಲೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿವೆ. ಇವಕ್ಕೆ ಪತ್ರರಂಧ್ರಗಳೆಂದು ಹೆಸರು. ಇವುಗಳ ಮೂಲಕ ಒಳಹೊಕ್ಕ ಇಂಗಾಲಾಮ್ಲವೂ, ಬೇರಿನಿಂದ ಏರಿಬಂದ ನೀರೂ, ಸೂರ್ಯನ ಬೆಳಕಿನ ಶಕ್ತಿಯಿಂದ ಕೂಡಿ ಸಕ್ಕರೆಯಾಗುತ್ತವೆ. ಈ ಸಕ್ಕರೆಯೇ ಮುಂದೆ ಕಾಳಿನಲ್ಲಿ ಪಿಷ್ಟವಾಗಿ ಶೇಖರವಾಗುತ್ತದೆ.

ಇದಕ್ಕೆ ಎಷ್ಟು ಗಾಳಿ ಬೇಕಾದೀತು? ಲೆಕ್ಕ ಮಾಡಿ ನೋಡೋಣ. ಸಾಧಾರಣ ಹವೆಯಲ್ಲಿ ಒಂದು ಘನ ಮೀಟರು ಗಾಳಿಯೊಳಗಿರುವ ಇಂಗಾಲಾಮ್ಲದ ತೂಕ ಸುಮಾರು ಮುಕ್ಕಾಲು ಗ್ರಾಂ. ಒಂದು ಕಿಲೋಗ್ರಾಂ ಪಿಷ್ಟವಾಗಲು ಸುಮಾರು ೧,೬೩೦ ಗ್ರಾಂ ಇಂಗಾಲಾಮ್ಲ ಬೇಕು. ಎಂದರೆ ೨,೧೦೦ ಘನ ಮೀಟರಿಗೂ ಹೆಚ್ಚಿನ ಗಾಳಿ. ನಾನು ಪಾಠ ಹೇಳುವ ಕೋಣೆಯ ಉದ್ದ ೧೦ ಮೀಟರು, ಅಗಲ ೭ ಮೀಟರು, ಎತ್ತರ ೩ ಮೀಟರು. ಅಂಥ ಹತ್ತು ಕೋಣೆಗಳ ಗಾಳಿಯಲ್ಲಿರುವ ಇಂಗಾಲಾಮ್ಲವನ್ನೆಲ್ಲ ಹೀರಿದರೆ ಒಂದು ಕಿಲೋಗ್ರಾಂ ಪಿಷ್ಟ ದೊರೆಯುತ್ತದೆ. ಅಕ್ಕಿಯ ತೂಕದಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ಪಿಷ್ಟವೇ. ಆದುದರಿಂದ ನಾವು ಅನ್ನವನ್ನು ಉಣ್ಣುವಾಗ ಬಹುಮಟ್ಟಿಗೆ ಗಾಳಿಯನ್ನೂ ನೀರನ್ನೂ ಉಣ್ಣುತ್ತೇವೆ ಎಂದರೆ ಅದು ಉತ್ಪ್ರೇಕ್ಷೆಯಲ್ಲ.

ಇನ್ನು ಮಣ್ಣಿನ ಪಾಲು. ಪಾಲಿಷ್ ಮಾಡಿದ ಒಂದು ಕಿಲೋಗ್ರಾಂ ಅಕ್ಕಿಯಲ್ಲಿ ಸತುವು ಸುಮಾರು ೧೨ ಮಿಲಿಗ್ರಾಂ. ಕಬ್ಬಿಣ ೬ರಿಂದ ೭ ಮಿಲಿಗ್ರಾಂ. ಎರಡನ್ನೂ ಕೂಡಿಸಿದರೂ ಒಂದು ಸಣ್ಣ ಚಿಟಿಕೆಯಾಗುವುದಿಲ್ಲ. ಹೆಲ್ಮಾಂಟನ ಎರಡು ಔನ್ಸುಗಳಿಗೆ ಸಮಾನವಾದ ಭಾಗ ಇದು. ಹೊಟ್ಟೆ ತುಂಬಿಸುವುದು ಗಾಳಿಯ ಭಾಗವಾದರೆ, ರಕ್ತವನ್ನು ಕೆಂಪಾಗಿಡುವುದೂ, ಮಗುವನ್ನು ಎತ್ತರಕ್ಕೆ ಬೆಳೆಸುವುದೂ ಈ ಮಣ್ಣಿನ ಭಾಗದಿಂದ ಆಗತಕ್ಕ ಕೆಲಸಗಳು.

ಹೆಚ್ಚುತ್ತಿರುವ ಇಂಗಾಲಾಮ್ಲ

ಧ್ರುವಪ್ರದೇಶಗಳ ಹಿಮದೊಳಗೆ ಸಿಕ್ಕಿಕೊಂಡಿರುವ ಹಳೆಯ ಗಾಳಿಯ ಗುಳ್ಳೆಗಳನ್ನು ಪರೀಕ್ಷಿಸಿದುದರಿಂದ, ಉಗಿಯಂತ್ರಗಳ ಯುಗಕ್ಕೆ ಮುಂಚೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು ೨೮೦ ಭಾಗ ಇಂಗಾಲಾಮ್ಲವಿತ್ತೆಂದು ತಿಳಿದುಬಂದಿದೆ. ಅಮೆರಿಕದ ಚಾರ್ಲ್ಸ್ ಕೀಲಿಂಗ್ ಅವರು ೧೯೫೮ರ ಮಾರ್ಚ್ ತಿಂಗಳಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅಳತೆಯನ್ನು ಪ್ರಾರಂಭಿಸಿದಾಗ ಅದು ೩೧೫ರ ಆಸುಪಾಸಿನಲ್ಲಿತ್ತು. ೨೦೧೩ರ ಮೇ ತಿಂಗಳಲ್ಲಿ ಅಲ್ಲಿನ ಒಂದು ದಿನದ ಸರಾಸರಿ ಮೊದಲ ಬಾರಿಗೆ ೪೦೦ನ್ನು ಮುಟ್ಟಿತು. ೨೦೨೪ರ ವಾರ್ಷಿಕ ಸರಾಸರಿ ಸುಮಾರು ೪೨೪. ಕಲ್ಲಿದ್ದಲು, ಪೆಟ್ರೋಲಿಯಂಗಳ ದಹನವೂ ಕಾಡಿನ ನಾಶವೂ ಈ ಏರಿಕೆಗೆ ಮುಖ್ಯ ಕಾರಣಗಳು.

ಇಂಗಾಲಾಮ್ಲವು ಭೂಮಿಯ ಶಾಖವನ್ನು ಹೊರಹೋಗಗೊಡದೆ ತಡೆಯುತ್ತದೆಂಬುದು ವಾಚಕರಿಗೆ ತಿಳಿದ ವಿಷಯವೇ. ಈ ಏರಿಕೆಯಿಂದ ಭೂಮಿ ಎಷ್ಟು ಬಿಸಿಯಾಗಬಹುದೆಂದು ೧೮೯೬ರಲ್ಲಿ ಲೆಕ್ಕ ಹಾಕಿದ ಸ್ವೀಡನ್ನಿನ ಅರೇನಿಯಸನು, ಕೆಲವು ವರ್ಷಗಳ ಅನಂತರ ಬರೆದ ಒಂದು ಗ್ರಂಥದಲ್ಲಿ ಇದನ್ನು ಒಂದು ವರವೆಂದೇ ಎಣಿಸಿದ್ದನು. ಇಂಗಾಲಾಮ್ಲ ಹೆಚ್ಚಿದರೆ ಹವೆ ಹಿತವಾಗಿ, ಬೆಳೆಗಳು ಸಮೃದ್ಧವಾಗಿ, ಹೆಚ್ಚುತ್ತಿರುವ ಜನಕ್ಕೆ ಅನ್ನ ಸಿಕ್ಕೀತೆಂಬುದು ಅವನ ಆಶೆ. ಈ ಆಶೆ ನಿರಾಧಾರವಾದುದೇನಲ್ಲ. ಇಂಗಾಲಾಮ್ಲ ಗಿಡದ ಆಹಾರ. ಆಹಾರ ಹೆಚ್ಚಾದರೆ ಗಿಡ ಹೆಚ್ಚು ಬೆಳೆಯಬೇಕಷ್ಟೆ. ಗಾಜಿನ ಮನೆಗಳಲ್ಲಿ ಟೊಮೇಟೊ ಬೆಳೆಯುವವರು ಒಳಗಿನ ಗಾಳಿಗೆ ಈ ಅನಿಲವನ್ನು ಬೇಕೆಂದೇ ಬೆರೆಸುವುದುಂಟು. ಬತ್ತ, ಗೋದಿಗಳ ಇಳುವರಿಯೂ ಹೆಚ್ಚು ಇಂಗಾಲಾಮ್ಲದಲ್ಲಿ ಹೆಚ್ಚುತ್ತದೆ. ಆದರೆ ಇಳುವರಿಯನ್ನು ಅಳೆಯುವುದು ತಕ್ಕಡಿಯಲ್ಲಿ. ತಕ್ಕಡಿಗೆ ಗಾಳಿಯ ಭಾಗ ಕಾಣುತ್ತದೆ. ಮಣ್ಣಿನ ಭಾಗ ಕಾಣುವುದಿಲ್ಲ.

ಪಾಚಿಯಿಂದ ಬತ್ತದವರೆಗೆ

೧೯೯೦ರ ದಶಕದ ಕೊನೆಯಲ್ಲಿ ಅಮೆರಿಕದ ಅರಿಜೋನ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಇರಾಕ್ಲಿ ಲೊಲಾಡ್ಜೆ ಎಂಬ ಗಣಿತದ ವಿದ್ಯಾರ್ಥಿಯ ಗಮನವನ್ನು ಒಂದು ವಿಚಿತ್ರ ಪ್ರಯೋಗ ಸೆಳೆಯಿತು. ನೀರಿನ ತೊಟ್ಟಿಯಲ್ಲಿ ಪಾಚಿಯನ್ನೂ ಅದನ್ನು ತಿನ್ನುವ ಸೂಕ್ಷ್ಮ ಪ್ರಾಣಿಗಳನ್ನೂ ಬಿಟ್ಟು, ಹೆಚ್ಚು ಬೆಳಕು ಬೀಳುವಂತೆ ಮಾಡಿದರು. ಪಾಚಿ ಹುಲುಸಾಗಿ ಬೆಳೆಯಿತು. ಮೇವು ಸಮೃದ್ಧವಾಗಿರಲು ಪ್ರಾಣಿಗಳೂ ಹೆಚ್ಚಬೇಕಾಗಿತ್ತು. ಆದರೆ ಅವು ಸೊರಗಿದವು. ಪಾಚಿ ಬೇಗ ಬೆಳೆದು ಅದರಲ್ಲಿ ಸಕ್ಕರೆ ತುಂಬಿಕೊಂಡಿತ್ತು. ರಂಜಕವೇ ಮೊದಲಾದ ಲವಣಗಳು ಅದೇ ಪ್ರಮಾಣದಲ್ಲಿ ಹೆಚ್ಚಿರಲಿಲ್ಲ. ಹೊಟ್ಟೆ ತುಂಬಿದರೂ ಪ್ರಾಣಿಗಳಿಗೆ ಪುಷ್ಟಿ ದೊರೆಯಲಿಲ್ಲ. ಬೆಳಕಿನ ಬದಲು ಇಂಗಾಲಾಮ್ಲ ಹೆಚ್ಚಾದರೆ, ಪಾಚಿಯ ಬದಲು ಬತ್ತ ಗೋದಿಗಳಾದರೆ, ಸೂಕ್ಷ್ಮ ಪ್ರಾಣಿಗಳ ಬದಲು ಮನುಷ್ಯರೇ ಆದರೆ ಏನಾಗಬಹುದು? ಲೊಲಾಡ್ಜೆ ಅವರು ಈ ಪ್ರಶ್ನೆಯನ್ನು ೨೦೦೨ರಲ್ಲಿ ಒಂದು ಲೇಖನದ ಮೂಲಕ ವಿಜ್ಞಾನಿಗಳ ಮುಂದಿಟ್ಟರು.

ಉತ್ತರ ಹೊಲದಲ್ಲಿಯೇ ದೊರೆಯಬೇಕಾಗಿತ್ತು. ಗಾಜಿನ ಮನೆಯ ಹವೆ ಹೊಲದ ಹವೆಯಂತಿರುವುದಿಲ್ಲ. ಆದುದರಿಂದ ವಿಜ್ಞಾನಿಗಳು ಬೇರೊಂದು ಉಪಾಯವನ್ನು ಹೂಡಿದ್ದರು. ಬಯಲಿನಲ್ಲಿ ಬೆಳೆದು ನಿಂತ ಪೈರಿನ ಸುತ್ತ ಕೊಳವೆಗಳನ್ನು ಉಂಗುರದಂತೆ ಹಾಯಿಸುತ್ತಾರೆ. ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆಯೋ ಆ ಕಡೆಯ ಕೊಳವೆಗಳಿಂದ ಇಂಗಾಲಾಮ್ಲವನ್ನು ಬಿಡುತ್ತಾರೆ. ಉಂಗುರದ ನಡುವೆ ಇರುವ ಉಪಕರಣ ಎಡೆಬಿಡದೆ ಅಳೆಯುತ್ತ ಅನಿಲದ ಪ್ರಮಾಣವನ್ನು ಒಂದೇ ಮಟ್ಟದಲ್ಲಿ ಕಾಪಾಡುತ್ತದೆ. ಉಂಗುರದೊಳಗಿನ ಪೈರಿಗೂ ಹೊರಗಿನ ಪೈರಿಗೂ ಅದೇ ಮಣ್ಣು, ಅದೇ ಮಳೆ, ಅದೇ ಬಿಸಿಲು. ಬೇರೆಯಾದುದು ಇಂಗಾಲಾಮ್ಲ ಮಾತ್ರ.

ಜಪಾನ್, ಆಸ್ಟ್ರೇಲಿಯ, ಅಮೆರಿಕ ದೇಶಗಳಲ್ಲಿ ನಡೆದ ಇಂಥ ಪ್ರಯೋಗಗಳ ಫಲವನ್ನು ಸ್ಯಾಮ್ಯುಯಲ್ ಮೈಯರ್ಸ್ ಮತ್ತು ಅವರ ಸಹೋದ್ಯೋಗಿಗಳು ೨೦೧೪ರಲ್ಲಿ ಒಟ್ಟುಗೂಡಿಸಿ ಪ್ರಕಟಿಸಿದರು. ಉಂಗುರಗಳೊಳಗೆ ಇಂಗಾಲಾಮ್ಲ ಹತ್ತು ಲಕ್ಷಕ್ಕೆ ಸುಮಾರು ೫೫೦ ಭಾಗಗಳಷ್ಟಿತ್ತು. ಅಲ್ಲಿ ಬೆಳೆದ ಗೋದಿಯಲ್ಲಿ ಸತುವು ಶೇಕಡ ೯.೩, ಕಬ್ಬಿಣ ಶೇಕಡ ೫.೧, ಪ್ರೋಟೀನು ಶೇಕಡ ೬.೩ರಷ್ಟು ಕಡಿಮೆಯಾಗಿದ್ದವು. ಬತ್ತದಲ್ಲಿ ಸತುವು ಶೇಕಡ ೩.೩, ಕಬ್ಬಿಣ ೫.೨, ಪ್ರೋಟೀನು ೭.೮ರಷ್ಟು ಇಳಿದಿದ್ದವು. ಬಟಾಣಿ, ಸೋಯಾ ಅವರೆಗಳಲ್ಲಿ ಪ್ರೋಟೀನು ಹೆಚ್ಚು ಕುಗ್ಗದಿದ್ದರೂ ಸತುವೂ ಕಬ್ಬಿಣವೂ ಕುಗ್ಗಿದವು. ೨೦೧೮ರಲ್ಲಿ ಚೀನ ಮತ್ತು ಜಪಾನ್ ದೇಶಗಳ ಗದ್ದೆಗಳಲ್ಲಿ ೧೮ ಬಗೆಯ ಬತ್ತಗಳ ಮೇಲೆ ನಡೆದ ಪರೀಕ್ಷೆಗಳ ಫಲ ಹೊರಬಂದಿತು. ಅದರಲ್ಲಿ ಬಿ ಗುಂಪಿನ ಜೀವಸತ್ತ್ವಗಳೂ ಇಳಿದಿದ್ದುದು ಕಂಡುಬಂದಿತು. ಅವುಗಳಲ್ಲಿ ಒಂದಾದ ಫೋಲೇಟಿನ ಇಳಿತವಂತೂ ಶೇಕಡ ೩೦ರಷ್ಟಿತ್ತು.

ಹೀಗಾಗಲು ಕಾರಣವೇನು?

ಎಲ್ಲರಿಗೂ ಮೊದಲು ಹೊಳೆಯುವ ಕಾರಣ, ಹಾಲಿಗೆ ನೀರು ಬೆರೆತಂತೆ ಆಗುವುದು. ಕಾಳಿನಲ್ಲಿ ಪಿಷ್ಟ ಹತ್ತರಲ್ಲೊಂದು ಪಾಲು ಹೆಚ್ಚಾಗಿ, ಸತುವು ಇದ್ದಷ್ಟೇ ಇದ್ದರೆ, ಒಂದು ಹಿಡಿ ಅನ್ನದಲ್ಲಿ ಸಿಕ್ಕುವ ಸತುವು ತಾನಾಗಿಯೇ ಕಡಿಮೆಯಾಗುತ್ತದೆ. ಆದರೆ ಇಷ್ಟೇ ಕಾರಣವಾಗಿದ್ದರೆ ಎಲ್ಲ ಧಾತುಗಳೂ ಒಂದೇ ಪ್ರಮಾಣದಲ್ಲಿ ಇಳಿಯಬೇಕಾಗಿತ್ತು. ಗೋದಿಯಲ್ಲಿ ಸತುವು ಕಬ್ಬಿಣಕ್ಕಿಂತ ಹೆಚ್ಚಾಗಿ ಇಳಿದಿರುವುದನ್ನು ನೋಡಿದರೆ, ಬೇರೆ ಕಾರಣಗಳೂ ಇರಬೇಕೆಂದು ಸ್ಪಷ್ಟವಾಗುತ್ತದೆ.

ಎರಡನೆಯ ಕಾರಣ ಪತ್ರರಂಧ್ರಗಳಿಗೆ ಸಂಬಂಧಿಸಿದುದು. ಈ ಬಾಯಿ ತೆರೆದಿದ್ದಷ್ಟು ಹೊತ್ತೂ ಇಂಗಾಲಾಮ್ಲ ಒಳಕ್ಕೆ ಬರುತ್ತದೆ, ನೀರಿನ ಆವಿ ಹೊರಕ್ಕೆ ಹೋಗುತ್ತದೆ. ಗಾಳಿಯಲ್ಲಿ ಇಂಗಾಲಾಮ್ಲ ಹೆಚ್ಚಿದ್ದರೆ ಗಿಡಕ್ಕೆ ಬಾಯನ್ನು ಅಗಲವಾಗಿ ತೆರೆಯಬೇಕಾದ ಅಗತ್ಯವಿಲ್ಲ. ಅದು ರಂಧ್ರಗಳನ್ನು ಕಿರಿದುಮಾಡಿಕೊಳ್ಳುತ್ತದೆ. ಇದರಿಂದ ನೀರು ಉಳಿಯುವುದೇನೋ ನಿಜ. ಬರಗಾಲದಲ್ಲಿ ಅದು ಒಳ್ಳೆಯದೇ. ಆದರೆ ಎಲೆಯಿಂದ ನೀರು ಆರುವುದೇ ಬೇರಿನ ಕಡೆಗೆ ಮಣ್ಣಿನ ನೀರನ್ನು ಎಳೆಯುವ ಶಕ್ತಿ. ಆ ಎಳೆತ ಕುಗ್ಗಿದಾಗ ನೀರಿನಲ್ಲಿ ಕರಗಿ ಹರಿದುಬರುವ ಲವಣಗಳೂ ಕಡಿಮೆಯಾಗುತ್ತವೆ.

ಮೂರನೆಯದು ಸಾರಜನಕಕ್ಕೆ ಸಂಬಂಧಿಸಿದ ಕಾರಣ. ಎಲೆಯಲ್ಲಿರುವ ಪ್ರೋಟೀನಿನ ಬಹುದೊಡ್ಡ ಪಾಲು ರೂಬಿಸ್ಕೊ ಎಂಬ ಒಂದೇ ಕಿಣ್ವಕ್ಕೆ ಮೀಸಲು. ಇಂಗಾಲಾಮ್ಲವನ್ನು ಹಿಡಿದು ಕೊಡುವುದು ಇದರ ಕೆಲಸ. ಮೀನು ದಟ್ಟವಾಗಿರುವ ಕೆರೆಯಲ್ಲಿ ಸಣ್ಣ ಬಲೆಯೇ ಸಾಕಾಗುವಂತೆ, ಇಂಗಾಲಾಮ್ಲ ಹೇರಳವಾಗಿದ್ದಾಗ ಗಿಡಕ್ಕೆ ಸ್ವಲ್ಪ ಕಿಣ್ವವೇ ಸಾಕು. ಆದುದರಿಂದ ಎಲೆಯಲ್ಲಿ ಸಾರಜನಕದ ಸಂಗ್ರಹ ಇಳಿಯುತ್ತದೆ; ಕಾಳು ಕಟ್ಟುವಾಗ ಎಲೆಯಿಂದ ಕಾಳಿಗೆ ಸಾಗಬೇಕಾದ ಸಾರಜನಕವೂ ಇಳಿಯುತ್ತದೆ. ಬತ್ತದ ಜೀವಸತ್ತ್ವಗಳು ಇದಕ್ಕೆ ಸಾಕ್ಷಿ ನುಡಿಯುತ್ತವೆ. ಬಿ ಗುಂಪಿನ ಜೀವಸತ್ತ್ವಗಳ ಅಣುಗಳಲ್ಲಿ ಸಾರಜನಕವಿದೆ; ಅವು ಇಳಿದವು. ಇ ಜೀವಸತ್ತ್ವದ ಅಣುವಿನಲ್ಲಿ ಸಾರಜನಕವಿಲ್ಲ. ಅದು ಇಳಿಯಲಿಲ್ಲ, ಏರಿತು.

ಇದೆಲ್ಲ ಉಂಗುರದೊಳಗಿನ ಮಾತಾಯಿತು. ಈಗಾಗಲೇ ಏರಿರುವ ಇಂಗಾಲಾಮ್ಲದಿಂದ ಹೊರಗಿನ ಲೋಕದಲ್ಲಿ ಏನಾದರೂ ಆಗಿದೆಯೆ ಎಂದು ವಾಚಕರು ಕೇಳಬಹುದು. ಅಮೆರಿಕದಲ್ಲಿ ಗೋಲ್ಡನ್‌ರಾಡ್ ಎಂಬ ಹಳದಿ ಹೂವಿನ ಕಾಡುಗಿಡವೊಂದಿದೆ. ಚಳಿಗಾಲಕ್ಕೆ ಮುಂಚೆ ಜೇನುಹುಳುಗಳಿಗೆ ಅದರ ಪರಾಗ ಮುಖ್ಯವಾದ ಆಹಾರ. ಅಲ್ಲಿನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ ೧೮೪೨ರಿಂದ ಈಚೆಗೆ ಸಂಗ್ರಹಿಸಿ ಒಣಗಿಸಿಟ್ಟ ಈ ಹೂವುಗಳಿವೆ. ಅವನ್ನು ಪರೀಕ್ಷಿಸಿದವರು, ೧೮೪೨ರಿಂದ ೨೦೧೪ರೊಳಗೆ ಪರಾಗದ ಪ್ರೋಟೀನು ಸುಮಾರು ಮೂರರಲ್ಲೊಂದು ಪಾಲು ಕಡಿಮೆಯಾಗಿದೆಯೆಂದು ೨೦೧೬ರಲ್ಲಿ ವರದಿಮಾಡಿದರು. ಈ ಗಿಡವನ್ನು ಯಾರೂ ಬಿತ್ತಿ ಬೆಳೆಯುವುದಿಲ್ಲ. ಅದರ ತಳಿಯನ್ನು ಯಾರೂ ಬದಲಿಸಿಲ್ಲ. ಆದುದರಿಂದ ಇಳಿತಕ್ಕೆ ಗಾಳಿಯೇ ಮುಖ್ಯ ಕಾರಣವೆಂಬ ವಾದಕ್ಕೆ ಬಲ ಬರುತ್ತದೆ.

ಶೇಕಡ ಐದೋ ಹತ್ತೋ ಹೋದರೆ ನಷ್ಟವೇನು?

ಶಿರಾಜ್ ಎಂಬುದು ಇರಾನ್ ದೇಶದ ಒಂದು ಪಟ್ಟಣ. ಬಿಹಾರದಲ್ಲಿ ಹುಟ್ಟಿ ಪಟ್ನದಲ್ಲಿ ವೈದ್ಯಶಾಸ್ತ್ರವನ್ನು ಓದಿದ ಆನಂದ ಪ್ರಸಾದರು ೧೯೫೮ರಲ್ಲಿ ಅಲ್ಲಿ ಕೆಲಸದಲ್ಲಿದ್ದರು. ಅವರ ಬಳಿಗೆ ೨೧ ವರ್ಷದ ರೋಗಿಯೊಬ್ಬನು ಬಂದನು. ನೋಡಿದರೆ ಹತ್ತು ವರ್ಷದ ಹುಡುಗನಂತಿದ್ದನು. ಪ್ರಾಯದ ಯಾವ ಲಕ್ಷಣವೂ ಅವನಲ್ಲಿ ಕಾಣಿಸಿಕೊಂಡಿರಲಿಲ್ಲ. ಇಂಥವನು ಅವನೊಬ್ಬನೇ ಅಲ್ಲವೆಂದು ವಿಚಾರಿಸಿದಾಗ ತಿಳಿಯಿತು. ಇವರು ಉಪವಾಸವಿದ್ದವರಲ್ಲ, ರೊಟ್ಟಿಯನ್ನು ಬೇಕಾದಷ್ಟು ತಿನ್ನುತ್ತಿದ್ದವರು. ಆದರೆ ರೊಟ್ಟಿಯ ಹೊರತು ಹೆಚ್ಚೇನೂ ಅವರಿಗೆ ದೊರೆಯುತ್ತಿರಲಿಲ್ಲ. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಬಂದೀತು, ಬೆಳವಣಿಗೆ ಹೀಗೆ ನಿಲ್ಲಲಾರದು ಎಂದು ಯೋಚಿಸಿದ ಪ್ರಸಾದರು, ಸತುವಿನ ಕೊರತೆಯೇ ಇದಕ್ಕೆ ಕಾರಣವಿರಬೇಕೆಂದು ೧೯೬೧ರಲ್ಲಿ ಸೂಚಿಸಿದರು. ಕಾಳಿನಲ್ಲಿರುವ ಫೈಟಿಕ್ ಆಮ್ಲವು ಸತುವನ್ನು ಕಟ್ಟಿಹಾಕಿ ಕರುಳಿಗೆ ದಕ್ಕದಂತೆ ಮಾಡುತ್ತದೆ. ಮುಂದೆ ಈಜಿಪ್ಟಿನಲ್ಲಿ ಇಂಥವರನ್ನು ಪರೀಕ್ಷಿಸಿದಾಗ ಅವರ ರಕ್ತದಲ್ಲಿ ಸತುವು ಕಡಿಮೆಯಿದ್ದುದು ಗೊತ್ತಾಯಿತು; ಸತುವನ್ನು ಕೊಟ್ಟಾಗ ಅವರು ಬೆಳೆದರು. ಸತುವು ಮನುಷ್ಯನಿಗೆ ಬೇಕೇ ಬೇಕೆಂಬುದು ವೈದ್ಯಲೋಕಕ್ಕೆ ಒಪ್ಪಿಗೆಯಾದದ್ದು ಹೀಗೆ. ಇಂದು ಮಕ್ಕಳಿಗೆ ಭೇದಿಯಾದಾಗ ಉಪ್ಪುಸಕ್ಕರೆಯ ದ್ರಾವಣದ ಜತೆಗೆ ಸತುವನ್ನೂ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ವಿಧಿಸಿದೆ.

ಈ ಕಥೆಯಿಂದ ತಿಳಿಯತಕ್ಕದ್ದು ಇಷ್ಟು: ಹೊಟ್ಟೆ ತುಂಬಿದವನೂ ಹಸಿದಿರಬಹುದು. ಹೊಟ್ಟೆ ಸಾಲದೆಂದು ಕೂಗುತ್ತದೆ. ಸತುವು ಸಾಲದೆಂದು ದೇಹದ ಯಾವ ಅಂಗವೂ ಕೂಗುವುದಿಲ್ಲ. ಇದು ಮರೆಯ ಹಸಿವು. ತರಕಾರಿ, ಬೇಳೆ, ಹಾಲು, ಮೊಟ್ಟೆ, ಮಾಂಸಗಳೆಲ್ಲವೂ ದೊರೆಯುವ ಮನೆಯಲ್ಲಿ ಅಕ್ಕಿಯ ಸತುವು ಶೇಕಡ ಐದರಷ್ಟು ಇಳಿದರೆ ಯಾರಿಗೂ ಬಾಧೆಯಾಗದು. ಆದರೆ ಅನ್ನವೇ ಊಟದ ಬಹುಭಾಗವಾಗಿರುವ ಮನೆಯಲ್ಲಿ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ೨೦೨೦ರಲ್ಲಿ ಗೊತ್ತುಪಡಿಸಿದ ಪ್ರಮಾಣದಂತೆ ವಯಸ್ಕ ಸ್ತ್ರೀಗೆ ದಿನಕ್ಕೆ ಸುಮಾರು ೧೩ ಮಿಲಿಗ್ರಾಂ ಸತುವೂ ೨೯ ಮಿಲಿಗ್ರಾಂ ಕಬ್ಬಿಣವೂ ಬೇಕು. ೩೦೦ ಗ್ರಾಂ ಅಕ್ಕಿಯ ಅನ್ನದಿಂದ ದೊರೆಯುವುದು ಸತುವು ಸುಮಾರು ಮೂರೂವರೆ ಮಿಲಿಗ್ರಾಂ, ಕಬ್ಬಿಣ ಎರಡು ಮಿಲಿಗ್ರಾಂ ಮಾತ್ರ. ಮೂಗಿನವರೆಗೆ ನೀರು ಬಂದು ನಿಂತವನಿಗೆ ಇನ್ನೊಂದು ಅಂಗುಲ ಏರಿದರೂ ಅದು ಅಲ್ಪವಲ್ಲ.

ನಮ್ಮ ದೇಶದಲ್ಲಿ ಹೀಗೆ ನಿಂತವರು ಬಹಳ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ೧೫ರಿಂದ ೪೯ ವರ್ಷದ ಸ್ತ್ರೀಯರಲ್ಲಿ ಶೇಕಡ ೫೭ ಮಂದಿಗೆ ರಕ್ತಹೀನತೆಯಿದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ಶೇಕಡ ೬೭. ಇಂಗಾಲಾಮ್ಲ ೫೫೦ಕ್ಕೆ ಏರಿದಾಗ ಇಡೀ ಜಗತ್ತಿನಲ್ಲಿ ಹೊಸದಾಗಿ ೧೭.೫ ಕೋಟಿ ಜನರಿಗೆ ಸತುವಿನ ಕೊರತೆಯೂ, ೧೨.೨ ಕೋಟಿ ಜನರಿಗೆ ಪ್ರೋಟೀನಿನ ಕೊರತೆಯೂ ಬರಬಹುದೆಂದು ೨೦೧೮ರಲ್ಲಿ ಸ್ಮಿತ್ ಮತ್ತು ಮೈಯರ್ಸ್ ಎಂಬ ವಿಜ್ಞಾನಿಗಳು ಅಂದಾಜು ಮಾಡಿದರು. ಈ ಲೆಕ್ಕದಲ್ಲಿ ಅತಿ ದೊಡ್ಡ ಪಾಲು ಭಾರತದ್ದು: ಸತುವಿನ ಕೊರತೆಗೆ ಒಳಗಾಗುವವರು ಸುಮಾರು ೫ ಕೋಟಿ. ಈಗಾಗಲೇ ಕೊರತೆಯಿಂದ ನರಳುತ್ತಿರುವವರ ಸ್ಥಿತಿ ಇನ್ನೂ ಕೆಡುವುದು ಇದಕ್ಕೆ ಸೇರಿಲ್ಲ.

ಇಳುವರಿ ಹೆಚ್ಚುವುದರಿಂದ ಸ್ವಲ್ಪ ಹೆಚ್ಚು ಉಂಡರೆ ಸರಿಹೋಗದೆ ಎಂದು ಕೇಳಬಹುದು. ಹೆಚ್ಚು ಉಂಡರೆ ಪಿಷ್ಟವೂ ಹೆಚ್ಚಾಗಿ ಸೇರುತ್ತದೆ. ಬೊಜ್ಜು, ಸಿಹಿಮೂತ್ರ ರೋಗಗಳು ಹೆಚ್ಚುತ್ತಿರುವ ನಾಡಿಗೆ ಇದು ತಕ್ಕ ಚಿಕಿತ್ಸೆಯಲ್ಲ. ಅಲ್ಲದೆ ಇಂಗಾಲಾಮ್ಲದ ಜತೆಗೆ ತಾಪವೂ ಏರುತ್ತದೆ. ಬಿಸಿಯೇರಿದ ಹೊಲದಲ್ಲಿ ಸೋಯಾ ಅವರೆಯ ಸತುವು, ಕಬ್ಬಿಣಗಳು ಹಿಂದಿನ ಮಟ್ಟಕ್ಕೆ ಬಂದುದನ್ನು ಕಂಡವರಿದ್ದಾರೆ. ಆದರೆ ಅಲ್ಲಿ ಇಳುವರಿಯೇ ಕುಗ್ಗಿತು. ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈ ಕಸಿದುಕೊಂಡಂತಾಯಿತು.

ರಾಗಿ ಜೋಳಗಳ ಎಲೆ

ಎಲ್ಲ ಬೆಳೆಗಳೂ ಹೀಗೆ ಬಡವಾಗುವುದಿಲ್ಲ. ಮೇಲೆ ಹೇಳಿದ ಪ್ರಯೋಗಗಳಲ್ಲಿ ಜೋಳವನ್ನೂ ಬೆಳೆದಿದ್ದರು. ಅದರಲ್ಲಿ ಗಣನೀಯವಾದ ಇಳಿತ ಕಂಡುಬರಲಿಲ್ಲ. ಇದರ ರಹಸ್ಯ ಎಲೆಯ ಒಳರಚನೆಯಲ್ಲಿದೆ. ೧೯೬೬ರಲ್ಲಿ ಆಸ್ಟ್ರೇಲಿಯದ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬುವರು ಕಬ್ಬಿನ ಎಲೆಯಲ್ಲಿ ಇದನ್ನು ವಿಶದಪಡಿಸಿದರು. ಬತ್ತ, ಗೋದಿಗಳ ಎಲೆಯಲ್ಲಿ ಇಂಗಾಲಾಮ್ಲವು ಮೊದಲು ಮೂರು ಇಂಗಾಲ ಪರಮಾಣುಗಳುಳ್ಳ ವಸ್ತುವಾಗುತ್ತದೆ. ಕಬ್ಬು, ಮೆಕ್ಕೆಜೋಳ, ಜೋಳ, ಸಜ್ಜೆಗಳಲ್ಲಿ ಅದು ಮೊದಲು ನಾಲ್ಕು ಪರಮಾಣುಗಳುಳ್ಳ ಆಮ್ಲವಾಗಿ, ಎಲೆಯ ಒಳಕೋಶಗಳಿಗೆ ಸಾಗಿ, ಅಲ್ಲಿ ಬಿಡುಗಡೆಯಾಗುತ್ತದೆ. ಈ ಏರ್ಪಾಡು ಒಂದು ಪಂಪಿನಂತೆ ಕೆಲಸ ಮಾಡಿ, ರೂಬಿಸ್ಕೊ ಇರುವ ಕಡೆ ಇಂಗಾಲಾಮ್ಲವನ್ನು ಮೊದಲೇ ದಟ್ಟವಾಗಿಸಿರುತ್ತದೆ. ಹೊರಗಿನ ಗಾಳಿಯಲ್ಲಿ ಅದು ಇನ್ನಷ್ಟು ಹೆಚ್ಚಾದರೆ ಈ ಗಿಡಗಳಿಗೆ ದೊಡ್ಡ ಲಾಭವೂ ಇಲ್ಲ, ಕಾಳಿಗೆ ದೊಡ್ಡ ನಷ್ಟವೂ ಇಲ್ಲ.

ನಮ್ಮ ರಾಗಿಯೂ ಇದೇ ವರ್ಗಕ್ಕೆ ಸೇರಿದ ಗಿಡ. ಆ ಪ್ರಯೋಗಗಳಲ್ಲಿ ರಾಗಿಯನ್ನು ಬೆಳೆದಿರಲಿಲ್ಲವಾದರೂ, ಎಲೆಯ ಏರ್ಪಾಡು ಒಂದೇ ಆದುದರಿಂದ ಜೋಳದಂತೆಯೇ ಅದೂ ನಡೆದುಕೊಳ್ಳುವುದೆಂದು ನಿರೀಕ್ಷಿಸಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೧೭ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ, ೧೦೦ ಗ್ರಾಂ ರಾಗಿಯಲ್ಲ�� ಕಬ್ಬಿಣ ಸುಮಾರು ೪.೬ ಮಿಲಿಗ್ರಾಂ, ಸತುವು ೨.೫ ಮಿಲಿಗ್ರಾಂ, ಸುಣ್ಣದ ಅಂಶ ೩೬೦ ಮಿಲಿಗ್ರಾಂಗೂ ಹೆಚ್ಚು. ಪಾಲಿಷ್ ಅಕ್ಕಿಯಲ್ಲಿ ಕಬ್ಬಿಣ ೦.೬೫, ಸತುವು ೧.೨, ಸುಣ್ಣದ ಅಂಶ ೭ರಿಂದ ೮ ಮಿಲಿಗ್ರಾಂ ಮಾತ್ರ. ಮುದ್ದೆಯಿಂದ ಅನ್ನಕ್ಕೆ, ಜೋಳದ ರೊಟ್ಟಿಯಿಂದ ಗೋದಿಯ ಚಪಾತಿಗೆ ಬದಲಾಯಿಸುವುದನ್ನು ಏಳಿಗೆಯ ಗುರುತೆಂದು ಭಾವಿಸಿದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಮಣ್ಣಿನ ಲೆಕ್ಕದಲ್ಲಿ ನೋಡಿದರೆ ಅದು ಏಳಿಗೆಯಲ್ಲ.

ರಾಗಿಯಲ್ಲಿಯೂ ಫೈಟಿಕ್ ಆಮ್ಲವಿದೆಯೆಂಬುದನ್ನು ಮರೆಯಬಾರದು. ಕಾಳನ್ನು ನೆನೆಸಿ ಮೊಳಕೆ ಕಟ್ಟಿಸಿದರೆ ಅದರ ಹಿಡಿತ ಸಡಿಲವಾಗುತ್ತದೆ. ಮೊಳಕೆ ಬಂದ ರಾಗಿಯನ್ನು ಒಣಗಿಸಿ ಬೀಸಿ, ಎಳೆಯ ಮಕ್ಕಳಿಗೆ ಸರಿ ಕಾಸಿ ಉಣಿಸುವ ನಮ್ಮ ಅಜ್ಜಿಯರ ಪದ್ಧತಿಗೆ ರಸಾಯನ ವಿಜ್ಞಾನದ ಸಮರ್ಥನೆ ಇದು. ಊಟದಲ್ಲಿ ನಿಂಬೆಯ ರಸ ಸೇರಿದರೆ ಅದರ ಸಿ ಜೀವಸತ್ತ್ವವು ಕಬ್ಬಿಣ ರಕ್ತಕ್ಕೆ ಸೇರಲು ನೆರವಾಗುತ್ತದೆ. ಊಟದ ಜತೆಯಲ್ಲಿಯೇ ಕುಡಿದ ಚಹಾ ಅದಕ್ಕೆ ಅಡ್ಡಿಯಾಗುತ್ತದೆ.

ಏನು ಮಾಡಬಹುದು?

ತಟ್ಟೆಯನ್ನು ಬದಲಿಸುವುದು ಒಂದು ದಾರಿ. ತಳಿಯನ್ನು ಬದಲಿಸುವುದು ಇನ್ನೊಂದು. ಹೈದರಾಬಾದಿನ ಭಾರತೀಯ ಬತ್ತ ಸಂಶೋಧನಾ ಸಂಸ್ಥೆಯಿಂದ ೨೦೧೬ರಲ್ಲಿ ಹೊರಬಂದ ‘ಡಿಆರ್‌ಆರ್ ಧಾನ್ ೪೫’ ಎಂಬ ಬತ್ತದ ಪಾಲಿಷ್ ಅಕ್ಕಿಯಲ್ಲಿ, ಸಾಮಾನ್ಯ ಅಕ್ಕಿಗಿಂತ ಬಹಳ ಹೆಚ್ಚಾಗಿ, ಕಿಲೋಗ್ರಾಂಗೆ ೨೨ ಮಿಲಿಗ್ರಾಂಗೂ ಮೀರಿದ ಸತುವಿದೆ. ಹೆಚ್ಚು ಕಬ್ಬಿಣವುಳ್ಳ ‘ಧನಶಕ್ತಿ’ ಎಂಬ ಸಜ್ಜೆಯೂ ಬಳಕೆಗೆ ಬಂದಿದೆ. ಹೀಗೆ ತಳಿತಳಿಗೂ ಇಷ್ಟು ವ್ಯತ್ಯಾಸವಿರುವುದು ನಮ್ಮ ಭಾಗ್ಯ. ಆದರೆ ಇಂಥ ತಳಿಗಳನ್ನು ಆರಿಸಬೇಕಾದರೆ ಯಾರಾದರೂ ಅವುಗಳ ಸತುವನ್ನೂ ಕಬ್ಬಿಣವನ್ನೂ ಅಳೆಯಬೇಕು. ರೈತನಿಗೆ ಹಣ ಸಿಕ್ಕುವುದು ಕ್ವಿಂಟಾಲಿನ ಲೆಕ್ಕದಲ್ಲಿ. ಸರಕಾರಗಳು ಬೆಳೆಯನ್ನು ಎಣಿಸುವುದು ಟನ್ನಿನ ಲೆಕ್ಕದಲ್ಲಿ. ಕ್ವಿಂಟಾಲಿನೊಳಗೆ ಎಷ್ಟು ಗ್ರಾಂ ಸತುವಿದೆಯೆಂದು ಮಾರುಕಟ್ಟೆಯಲ್ಲಿ ಕೇಳುವವರಿಲ್ಲ.

ಮೂಲಕ್ಕೇ ಮದ್ದು ಮಾಡುವುದು ಮೂರನೆಯ ದಾರಿ. ಈಚಿನ ವರ್ಷಗಳಲ್ಲಿ ಇಂಗಾಲಾಮ್ಲ ವರ್ಷಕ್ಕೆ ಸುಮಾರು ಎರಡೂವರೆ ಭಾಗದಂತೆ ಏರುತ್ತಿದೆ. ಇದೇ ವೇಗದಲ್ಲಿ ಏರಿದರೂ ೪೨೪ರಿಂದ ೫೫೦ಕ್ಕೆ ಮುಟ್ಟಲು ಬೇಕಾದುದು ಸುಮಾರು ೫೦ ವರ್ಷ. ಈ ಲೇಖನವನ್ನು ಓದುತ್ತಿರುವ ೧೬ ವರ್ಷದ ವಿದ್ಯಾರ್ಥಿ ಆಗ ೬೬ ವರ್ಷದ ಅಜ್ಜನೋ ಅಜ್ಜಿಯೋ ಆಗಿರುತ್ತಾರೆ. ಅಂದು ಅವರ ಮೊಮ್ಮಕ್ಕಳು ಉಣ್ಣುವ ಅನ್ನ ಎಷ್ಟು ಪುಷ್ಟಿಯಾಗಿರಬೇಕೆಂಬುದು ಇಂದು ಉರಿಸುವ ಕಲ್ಲಿದ್ದಲಿನ ಮೇಲೆ ನಿಂತಿದೆ. ಏರಿಕೆಯ ವೇಗ ಹೆಚ್ಚಿದರೆ ಆ ದಿನ ಹತ್ತಿರಕ್ಕೆ ಬರುತ್ತದೆ. ತಗ್ಗಿದರೆ ದೂರ ಸರಿಯುತ್ತದೆ, ಬಾರದೆಯೂ ಹೋಗಬಹುದು.

ನಾಡಿನಲ್ಲಿ ಈ ವರ್ಷ ದಾಖಲೆಯ ಬೆಳೆ ಬಂದಿತೆಂದು ಪತ್ರಿಕೆಯಲ್ಲಿ ಓದಿದಾಗ ನಾವು ಸಂತೋಷಪಡುವುದು ಯುಕ್ತವೇ. ಅದರ ಜತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುವುದನ್ನು ವಿದ್ಯಾರ್ಥಿಗಳು ರೂಢಿ ಮಾಡಿಕೊಳ್ಳಬೇಕು: ಆ ರಾಶಿಯಲ್ಲಿ ಗಾಳಿ ಕೊಟ್ಟುದೆಷ್ಟು, ಮಣ್ಣು ಕೊಟ್ಟುದೆಷ್ಟು? ೧೬೯ ಪೌಂಡಿನ ಮರವನ್ನು ತೂಗಿದವನಿಗೆ ಎರಡು ಔನ್ಸು ಅಲ್ಪವೆಂದು ತೋರಿದುದರಲ್ಲಿ ಆಶ್ಚರ್ಯವಿಲ್ಲ. ಆ ಎರಡು ಔನ್ಸಿನ ಬೆಲೆ ಇಷ್ಟೆಂದು ತಿಳಿದಿರುವ ನಾವೂ ಅದನ್ನು ಎಣಿಸದೆ ಬಿಟ್ಟರೆ ಮಾತ್ರ ಆಶ್ಚರ್ಯ.